ಏಸಿಗೆ ಕಟ್ಟಿದ ಮೂರು ಪಂಚೆ

ನಮ್ಮ ಮನೆಯ ಏಸಿ ಕೆಟ್ಟಿತು. ನಮಗಿಂತ ಹೆಚ್ಚು ಸಂಕಟಪಟ್ಟವರು ಪಕ್ಕದ ಮನೆಯ ಗಿರಿಜಮ್ಮ.

ಉತ್ಪ್ರೇಕ್ಷೆಯಲ್ಲ. ಒಂದೇ ವಾರದಲ್ಲಿ ಮೂರು ಸಲ ಕಾಂಪೌಂಡಿನ ಮೇಲಿಂದ ಇಣುಕಿದರು. "ಟೀಚರಮ್ಮ, ಏಸಿ ಸರಿಯಾಯ್ತಾ? ಬೇಗ ಮಾಡ್ಸಿ ತಾಯಿ. ಈ ಸೆಕೇಲಿ ಹೆಂಗಿರ್ತೀರಾ?"

ಹಪ್ಪಳ, ಸಂಡಿಗೆ ಮಾಡಿ ಮಾರಿಯೇ ಮನೆ ನಡೆಸುವ ಹೆಂಗಸು. ಕುಣಿಗಲ್ಲಿನ ಒಂದು ಮದುವೆಗೆ ಸಂಡಿಗೆ ಒಪ್ಪಿಕೊಂಡಿದ್ದಾರೆ. ಮುಂದಿನ ವಾರವೇ ಕೊಡಬೇಕು. ತುಮಕೂರಿನಲ್ಲಿ ಮಧ್ಯಾಹ್ನವಾದರೆ ಸಾಕು, ಮೋಡ ಕವಿಯುತ್ತಿದೆ. ಆರ್ಡರ್ ಕೈತಪ್ಪಿದರೆ ಮುಂದಿನ ಮದುವೆಗೆ ಯಾರು ಕರೆಯುತ್ತಾರೆ? ಇಷ್ಟರ ನಡುವೆಯೂ ನಮ್ಮ ಏಸಿಯ ಚಿಂತೆ! ನೆರೆಹೊರೆ ಎಂಬುದು ಈ ಊರಿನಲ್ಲಿ ಇನ್ನೂ ಬದುಕಿದೆ ಎಂದು ನಾನು ಭಾವುಕಳಾದೆ. (ಅಂಕಣಕ್ಕೆ ವಿಷಯ ಸಿಕ್ಕಿತೆಂದೂ ಅನ್ನಿಸಿತು. ಸುಳ್ಳೇಕೆ?)

ಏಸಿಯ ಕಾಯಿಲೆ ವಿಚಿತ್ರವಾಗಿತ್ತು. ಬೆಳಿಗ್ಗೆ ಚೆನ್ನಾಗಿಯೇ ತಂಪು. ಮಧ್ಯಾಹ್ನ ನಾನು ಬರೆಯಲು ಕುಳಿತೆನೆಂದರೆ, ಅರ್ಧ ಗಂಟೆ ಓಡಿ ನಿಂತುಬಿಡುತ್ತಿತ್ತು.

ಕಂಪನಿಯ ಮೆಕ್ಯಾನಿಕ್ ಬೆಳಿಗ್ಗೆ ಹತ್ತಕ್ಕೆ ಬಂದರು. ರಿಮೋಟ್ ಒತ್ತಿದರು, ಮೊಬೈಲಿನಲ್ಲಿ ಏನೋ ತುಂಬಿದರು. ಔಟ್‌ಡೋರ್ ಯೂನಿಟ್ ಇರುವ ಕಡೆ ತಲೆಯನ್ನೂ ಹಾಕಲಿಲ್ಲ. "ಎಂಟು ವರ್ಷ ಆಗಿದೆ ಮೇಡಂ. ಕಂಪ್ರೆಸರ್ ವೀಕ್. ಇದರ ಬೋರ್ಡ್ ಈಗ ಸಿಗಲ್ಲ. ಎಕ್ಸ್‌ಚೇಂಜ್‌ಗೆ ಹಾಕಿ ಹೊಸದು ತಗೊಳ್ಳಿ."

ಎಂಟು ವರ್ಷಕ್ಕೇ ಮುದಿತನವೇ? ತೆರೆದು ನೋಡದೆ ತೀರ್ಪು ನೀಡುವುದು ತಪ್ಪು. ಬಿಡಿಭಾಗ ಸಿಗದಂತೆ ಮಾಡಿ, ಕೊಂಡವರ ರಿಪೇರಿಯ ಹಕ್ಕನ್ನು ಕಸಿಯುವುದು ಇನ್ನೂ ದೊಡ್ಡ ತಪ್ಪು. ಎಕ್ಸ್‌ಚೇಂಜ್ ಆದ ಯಂತ್ರ ಎಲ್ಲಿಗೆ ಹೋಗುತ್ತದೆ, ಅದರೊಳಗಿನ ಗ್ಯಾಸ್ ಯಾವ ಆಕಾಶವನ್ನು ಸೇರುತ್ತದೆ ಎಂದು ಯಾರೂ ಹೇಳದಿರುವುದು ಎಲ್ಲಕ್ಕಿಂತ ದೊಡ್ಡದು. ನಾಲ್ಕು ಪುಟದ ದೂರು ಬರೆದೆ. ಕಂಪನಿ, ಅಂಗಡಿ, ವೋಲ್ಟೇಜ್, ಎರಡು ಮನೆಗಳ ನಡುವೆ ಗಾಳಿಗೂ ಜಾಗ ಬಿಡದ ಬಡಾವಣೆ, ಯಾರನ್ನೂ ಬಿಡಲಿಲ್ಲ.

ನನ್ನ ಪತಿ ಅದನ್ನು ಓದಿ ನಕ್ಕರು. "ಎಲ್ಲಾ ಸರಿ ಕಣೇ. ಹಳೇ ಏಸಿ ಕರೆಂಟ್ ಕುಡಿಯುತ್ತಲ್ಲ, ಅದು ತಪ್ಪಲ್ವಾ? ನಿನ್ನ ಪರಿಸರಕ್ಕೆ ಯಾವ್ದು ಒಳ್ಳೇದು, ಹೇಳು ನೋಡೋಣ."

ನಿಜಕ್ಕೂ ಕಷ್ಟದ ಪ್ರಶ್ನೆ. ಹೊಸದು ವಿದ್ಯುತ್ ಉಳಿಸುತ್ತದೆ. ಹಳೆಯದನ್ನು ಎಸೆದರೆ ಕಸ ಬೆಳೆಯುತ್ತದೆ. ಎರಡೂ ಕಡೆ ಪಾಪವಿದೆ, ಚಿಕ್ಕದು ಯಾವುದು?

ಕೊನೆಗೆ ಗುಬ್ಬಿಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ನಿಟ್ಟೂರಿನ ರಂಗಸ್ವಾಮಿಯವರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟ್ ಹೊತ್ಗೆ ನಿಂತೋಯ್ತದೆ?"

"ಮಧ್ಯಾಹ್ನ ಮೂರರ ಹೊತ್ತಿಗೆ."

"ಹಂಗಾರೆ ಆಗ್ಲೇ ಬತ್ತೀನಿ ಬುಡಿ. ಜ್ವರ ಇರೋವಾಗ ತಾನೆ ಡಾಕ್ಟ್ರು ನೋಡ್ಬೇಕು?"

ನಮ್ಮ ಔಟ್‌ಡೋರ್ ಯೂನಿಟ್ ಇರುವುದು ಗಿರಿಜಮ್ಮನವರ ಮನೆ ಕಡೆಯ ಗೋಡೆಯ ಹೊರಮೈಯಲ್ಲಿ. ಆ ಕಡೆ ನಮಗೆ ಕಿಟಕಿಯಿಲ್ಲ. ಅವರ ಗೇಟಿನಿಂದ ಎರಡು ಮನೆಗಳ ನಡುವಿನ ಓಣಿಗೆ ಹೋಗಿಯೇ ನೋಡಬೇಕು. ರಂಗಸ್ವಾಮಿ ಹೋದರು. ಎರಡೇ ನಿಮಿಷಕ್ಕೆ ಗಹಗಹಿಸುವ ನಗು ಕೇಳಿಸಿತು.

"ಮೇಡಂ, ಬನ್ನಿ ಇಲ್ಲಿ! ನಿಮ್ ಏಸಿಗೆ ಪಂಚೆ ಉಡ್ಸವ್ರೆ!"

ಯೂನಿಟ್ಟಿನ ಫ್ಯಾನಿಗೆ ಗೇಣು ದೂರದಲ್ಲಿ ಹಗ್ಗ. ಹಗ್ಗದ ಮೇಲೆ ಒಂದರ ಹಿಂದೊಂದು ಮೂರು ಬಿಳಿ ಪಂಚೆ. ಪಂಚೆಯ ತುಂಬ ಅರ್ಧ ಒಣಗಿ ಅಂಟಿಕೊಂಡ ಅಕ್ಕಿ ಸಂಡಿಗೆ. ಬಿಸಿಗಾಳಿ ಹೊರಹೋಗಲಾರದೆ, ಯಂತ್ರ ಕಾದು ಕಾದು ತಾನಾಗಿಯೇ ನಿಲ್ಲುತ್ತಿತ್ತು. ಪಕ್ಕದಲ್ಲಿ ಗಿರಿಜಮ್ಮ. ಕೈಯಲ್ಲಿ ನಾಲ್ಕನೆಯ ಪಂಚೆ.

"ತಾರ್ಸಿ ಮೇಲೆ ಬುಟ್ರೆ ಕೋತಿ ಉಳ್ಸಲ್ಲ ಟೀಚರಮ್ಮ. ಮಧ್ಯಾನ್ಕೆ ಮೋಡ ಬೇರೆ, ಆಗ ಇಲ್ಲಿಗೆ ತಂದು ಕಟ್ತೀನಿ. ಈ ಫ್ಯಾನ್ ಸದ್ದಿಗೆ ಕೋತಿನೂ ಹತ್ರ ಬರಲ್ಲ, ಗಾಳಿನೂ ಬಿಸಿ. ಮೂರು ವರ್ಷದಿಂದ ಒಂದೊಂದೇ ಪಂಚೆ ಕಟ್ತಿದ್ದೆ. ಮದ್ವೆ ಆರ್ಡರ್ ಅಂತ ಈ ವಾರ ಮೂರು ಕಟ್ದೆ."

ಅಂದರೆ ಏಸಿ ನಿಂತದ್ದು ಅವರ ಪಂಚೆಯಿಂದ. ಅವರ ಸಂಡಿಗೆ ಒಣಗದಿದ್ದುದು ಏಸಿ ನಿಂತಿದ್ದರಿಂದ! ಆ ಮೂರು ಸಲದ ಕಾಳಜಿಯ ಮರ್ಮ ಈಗ ತಿಳಿಯಿತು.

"ನನ್ನನ್ನ ಒಂದು ಮಾತು ಕೇಳಬಾರ್ದಿತ್ತಾ ಗಿರಿಜಮ್ಮ?" ಎಂದೆ, ಸಭೆಗಳಲ್ಲಿ ಬಳಸುವ ದನಿಯಲ್ಲಿ.

"ಎಂಟು ವರ್ಷದ್ ಹಿಂದೆ ಈ ಬಿಸಿನ ನನ್ ಅಡ್ಗೆಮನೆ ಕಿಟ್ಕಿಗೆ ತಿರುಗ್ಸಿದ್ರಲ್ಲ, ಆಗ ನೀವು ನನ್ನ ಕೇಳಿದ್ರಾ? ಅಲ್ಲಿಗಲ್ಲಿಗೆ ಸರಿಹೋಯ್ತು ಬುಡಿ."

ರಂಗಸ್ವಾಮಿ ನೆಲದ ಮೇಲೆ ಸ್ಕ್ರೂ ಹುಡುಕತೊಡಗಿದರು. (ಯಾವ ಸ್ಕ್ರೂವೂ ಬಿದ್ದಿರಲಿಲ್ಲ.)

ನಾಲ್ಕು ಪುಟದ ದೂರಿನಲ್ಲಿ ಈ ತಪ್ಪು ಇರಲಿಲ್ಲ. ಆ ಕಿಟಕಿ ಎಂಟು ಬೇಸಿಗೆಯೂ ಮುಚ್ಚಿಯೇ ಇತ್ತೆಂಬುದು ನನ್ನ ಕಣ್ಣಿಗೆ ಬಿದ್ದದ್ದು ಅಂದೇ. ನಮ್ಮ ಕೋಣೆಯ ಸೆಕೆ ಎಲ್ಲಿ ಹೋಯಿತೆಂದು ನಾನು ಒಮ್ಮೆಯಾದರೂ ಯೋಚಿಸಿದ್ದೆನೇ? ಅದನ್ನು ಅವರ ಅಡುಗೆಮನೆಗೆ ಸಾಗಿಸಿದ್ದೆವು. ಅವರು ಜಗಳಕ್ಕೆ ಬರಲಿಲ್ಲ, ಸಂಡಿಗೆ ಒಣಗಿಸಿಕೊಂಡರು.

ರಂಗಸ್ವಾಮಿ ಎಲ್ಲವನ್ನೂ ಬಿಚ್ಚಿ ತೊಳೆದರು. ಕಂಪ್ರೆಸರ್ ಗಟ್ಟಿಯಾಗಿಯೇ ಇತ್ತು. "ಇನ್ನೂ ನಾಕೈದು ವರ್ಸ ಓಡ್ತದೆ" ಎಂದರು.

ನನ್ನ ಪತಿ ಕೊನೆಯ ಪ್ರಯತ್ನ ಮಾಡಿದರು. "ಹೊಸದಾದ್ರೆ ಇಷ್ಟು ಬಿಸಿ ಬಿಡಲ್ಲ, ಅಲ್ವಾ?"

"ಹಂಗಾರೆ ಹೊಸ್ದು ಬ್ಯಾಡ್ವೇ ಬ್ಯಾಡ ಸಾರ್!" ಗಿರಿಜಮ್ಮನವರ ತೀರ್ಪು ಬಂದೇಬಿಟ್ಟಿತು.

ಯೂನಿಟ್ಟನ್ನು ಕಿಟಕಿಯ ಬಳಿಯಿಂದ ತೆಗೆದು, ಓಣಿ ಮುಗಿದು ಅವರ ಹಿತ್ತಲು ತೆರೆದುಕೊಳ್ಳುವ ಕಡೆಗೆ ಸರಿಸಿದೆವು. ಈ ಸಲ ಕೇಳಿಯೇ. ಹಗ್ಗ ಎರಡು ಮಾರು ದೂರ ಹೋಯಿತು. ಪಂಚೆಗಳು ಒಂದರ ಪಕ್ಕ ಒಂದು ನಿಂತವು. ಕುಣಿಗಲ್ಲಿಗೆ ಸಂಡಿಗೆ ಹೊತ್ತಿಗೆ ಸರಿಯಾಗಿ ತಲುಪಿತು. ನಮಗೂ ಒಂದು ಡಬ್ಬಿ ಬಂತು.

ದೂರಿಗೆ ಐದನೆಯ ಪುಟ ಸೇರಿಸಿದ್ದೇನೆ, ನನ್ನದೇ ವಿರುದ್ಧ. ಅದಿರಲಿ, ನಿಮ್ಮ ಏಸಿಯ ಬಿಸಿ ಯಾರ ಕಿಟಕಿಗೆ ಹೋಗುತ್ತಿದೆ?