ಮೊದಲ ಗೊನೆಯ ಕಾಯಿ

ಚಿಕ್ಕಪ್ಪ ಕೋರ್ಟಿನಲ್ಲಿ ತಲೆ ತಗ್ಗಿಸುವುದನ್ನು ನೋಡದೆ ಸಾಯುವುದಿಲ್ಲ ಎಂದು ಅಪ್ಪನ ತಿಥಿಯ ದಿನವೇ ತೀರ್ಮಾನಿಸಿದ್ದೆ. ನೆಂಟರು ಇನ್ನೂ ಎಲೆ ಮುಂದಿನಿಂದ ಎದ್ದಿರಲಿಲ್ಲ. ಅವನು ಕೈ ತೊಳೆದು ಬಂದವನೇ, ಹೊನ್ನವಳ್ಳಿ ರಸ್ತೆಯ ತೆಂಗಿನ ತೋಟ ತನ್ನದು ಎಂದ.

"ಪಾಲಾದಾಗ ಅದು ಬರೀ ಬಯಲು. ಸಸಿ ಇಟ್ಟೋನು ನಾನು. ಅಣ್ಣ ಸುಮ್ನೆ ನೋಡ್ಕತಿದ್ದ, ಅಷ್ಟೇಯ."

ಅಣ್ಣತಮ್ಮಂದಿರ ಪಾಲು ಬಾಯಿಮಾತಿನಲ್ಲೇ ಮುಗಿದಿತ್ತು; ಆ ಬಯಲು ಯಾರ ಪಾಲಿಗೆ ಬಂತೆನ್ನುವುದಕ್ಕೆ ಸಸಿ ಇಟ್ಟವರು ಯಾರೆಂಬುದೊಂದೇ ಗುರುತು. ಪಾಲು ಮಾಡಿಸಿದ ಹಿರಿಯರೆಲ್ಲ ಮಣ್ಣು ಸೇರಿದ್ದರು. ಆ ತೋಟ ಬಿಟ್ಟರೆ ಅವ್ವನಿಗೆ ಬೇರೆ ಗತಿಯಿರಲಿಲ್ಲ. ಮರುವಾರವೇ ಅವನು ಮೋಟಾರು ಮನೆಗೆ ಬೀಗ ಜಡಿದ. ಬಿದ್ದ ಗರಿ ಎಳೆದು ತರಲು ಹೋದ ಅವ್ವನ ಮೇಲೆ ನಾಯಿ ಬಿಟ್ಟ. ತಾನೇ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಮರಗಳ ನಡುವೆ ಅವ್ವ ಸೆರಗು ಹರಿದುಕೊಂಡು ಓಡಿ ಬಂದಳು. ಅದನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ.

ತಿಪಟೂರಿನ ಕೋರ್ಟಿನಲ್ಲಿ ಕೇಸು ಹಾಕಿದೆ. ಪ್ರತಿ ವಾಯಿದೆಗೂ ಬಸ್ಸಿನಲ್ಲಿ ಹೋಗಿ ಅವನ ಎದುರಿನ ಬೆಂಚಿನಲ್ಲೇ ಕೂರುತ್ತಿದ್ದೆ. ಅವನು ಕಾಫಿಗೆ ಎದ್ದರೆ ನಾನೂ ಏಳುತ್ತಿದ್ದೆ. ಅವನ ನೆಮ್ಮದಿ ಕೆಡಬೇಕಿತ್ತು. ಆದರೆ ಕೆಡುತ್ತಿದ್ದದ್ದು ನನ್ನದೇ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ, ಸಸಿ ಇಟ್ಟದ್ದು ತಾನೇ ಎಂದು ನೀರು ಕುಡಿದಷ್ಟು ಸಲೀಸಾಗಿ ಹೇಳಿದ. ಅವನ ಸಾಕ್ಷಿಗಳೂ ಅದನ್ನೇ ಗಿಳಿಪಾಠದಂತೆ ಒಪ್ಪಿಸಿದರು.

ನಮ್ಮ ಮನೆಗಳಲ್ಲಿ ಒಂದು ಪದ್ಧತಿಯಿದೆ. ಹೊಸ ತೋಟದ ಮೊದಲ ಗೊನೆಯನ್ನು ಬೆಳೆದವರೇ ತಿನ್ನುವಂತಿಲ್ಲ. ಸಸಿ ಇಟ್ಟ ಮನೆಯ ಹೆಂಗಸು ಒಂದು ಕಾಯಿಗೆ ಅರಿಶಿನ ಕುಂಕುಮ ಹಚ್ಚಿ, ದಾಯಾದಿ ಮನೆಯ ಹೆಂಗಸಿನ ಮಡಿಲಿಗೆ ಹಾಕಬೇಕು. ಹಾಕದೆ ತಿಂದ ಮನೆ ಎಂದರೆ ಊರಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

ಚಿಕ್ಕಪ್ಪನಿಗೆ ನಾಚಿಕೆ ಇರಲಿಲ್ಲ, ಜಂಬ ಇತ್ತು. ಅವನ ಪಾಟೀಸವಾಲಿಗೆ ಮೊದಲು ನಮ್ಮ ಲಾಯರಿಗೆ ಹೇಳಿದೆ: "ಸಸಿ ಮಾತೇ ಎತ್ತಬ್ಯಾಡಿ ಸಾರ್. ಆ ತೋಟದ ಮೊದಲ ಗೊನೆ ಯಾರ ಮಡ್ಲಿಗೂ ಹಾಕದೆ ತಿಂದ ಮನೆಯಂತಲ್ಲ ನಿಮ್ದು ಅಂತ ಹಂಗಿಸಿ ಕೇಳಿ."

ಇದೇ ಸೀಮೆಯ ನೊಣವಿನಕೆರೆ ಕಡೆಯವರಾದ ಅವರಿಗೆ ಪದ್ಧತಿಯನ್ನು ಬಿಡಿಸಿ ಹೇಳಬೇಕಾಗಲಿಲ್ಲ. "ಅವನು, ನನ್ನ ಹೆಂಡ್ತೀನೇ ಕೊಟ್ಟಳು ಅಂದ್ಬಿಟ್ರೆ?" ಎಂದರು. ಹಾಗೆ ಅಂದುಬಿಟ್ಟರೆ ತೋಟ ಹೋದಂತೆಯೇ. ನಾನು ಅವನ ಸಿಟ್ಟನ್ನು ನಂಬಿದೆ.

ಲಾಯರು ಕೇಳಿದರು. ಕೋರ್ಟಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಅಷ್ಟು ಸಾಕಾಯಿತು. ಚಿಕ್ಕಪ್ಪ ಕಟಕಟೆ ಗುದ್ದಿದ.

"ಯಾವನ್ರೀ ಹಂಗಂದೋನು? ನಮ್ಮತ್ತಿಗೇನೇ ತಟ್ಟೇಲಿ ಇಟ್ಕಂಡು ಬಂದು ನನ್ನೆಂಡ್ರ ಮಡ್ಲಿಗೆ ಹಾಕುದ್ರು ಕಣ್ರೀ! ಇಡೀ ಕೇರಿ ನೋಡೈತೆ!"

"ಸರಿ. ಆ ಕಾಯಿ ಹಾಕೋದು ಯಾವ ಮನೆಯವರು?"

"ಸಸಿ ಇಟ್ಟ..." ಎಂದವನು ಬಾಯಿ ಮುಚ್ಚಿದ. ಅವನ ಲಾಯರು ಹಣೆ ಹಿಡಿದುಕೊಂಡರು. ಜಡ್ಜು ನಿಧಾನವಾಗಿ ಆ ಮಾತನ್ನು ಹೇಳಿ ಟೈಪು ಮಾಡಿಸಿದರು. ಒಂದೊಂದು ಪದಕ್ಕೂ ಅವನ ತಲೆ ಸ್ವಲ್ಪ ಸ್ವಲ್ಪವೇ ಬಗ್ಗಿತು. ನಾನು ರೆಪ್ಪೆ ಮಿಟುಕಿಸದೆ ನೋಡಿದೆ. ಹಬ್ಬದ ಊಟವೂ ನನಗೆ ಅಷ್ಟು ರುಚಿಸಿಲ್ಲ.

ಅವನು ಮೇಲಿನ ಕೋರ್ಟಿಗೂ ಹೋದ. ಅಲ್ಲೂ ಅದೇ ಮಾತು ಅವನಿಗೆ ಅಡ್ಡ ನಿಂತಿತು. ತೋಟ ಅವ್ವನ ಕೈಗೆ ಬಂತು. ನೀರಿಲ್ಲದೆ ಸತ್ತ ಮರಗಳ ಜಾಗದಲ್ಲಿ ನಾನೇ ಸಸಿ ಇಟ್ಟೆ.

ಈ ವರ್ಷ ಅವು ಮೊದಲ ಗೊನೆ ಬಿಟ್ಟವು. "ಹಾಳಾಗೋಗ್ಲಿ ಬುಡು, ಅವರ ಮನೆಗೆ ಯಾಕೆ?" ಎಂದಳು ಅವ್ವ. ನಾನು ಬಿಡಲಿಲ್ಲ. ಪದ್ಧತಿ ಪದ್ಧತಿಯೇ. ಕಾಯಿಗೆ ಅರಿಶಿನ ಕುಂಕುಮ ಹಚ್ಚಿ, ಕೇರಿಯವರೆಲ್ಲ ಜಗಲಿಯಲ್ಲಿರುವ ಹೊತ್ತು ನೋಡಿ ತಟ್ಟೆ ಹಿಡಿದು ಹೋದೆ. ಚಿಕ್ಕಮ್ಮ ಸೆರಗೊಡ್ಡಿದಳು. ಚಿಕ್ಕಪ್ಪ ಗೋಡೆ ಕಡೆ ತಿರುಗಿ ಕೂತ.

"ಸಸಿ ಇಟ್ಟೋಳು ಬಂದಿವ್ನಿ ಚಿಕ್ಕಪ್ಪ," ಎಂದೆ. ಅವನು ಈಚೆ ತಿರುಗುವವರೆಗೂ ಕಾಯಿಯನ್ನು ಕೈಯಲ್ಲೇ ಹಿಡಿದು ನಿಂತಿದ್ದೆ.