ತೋಳದ ಸದ್ದಿಗೊಂದು ಕೆಂಪು ಗೆರೆ

ನನ್ನ ಅಕ್ಕನ ಕಿವಿ ಹೋದದ್ದು ಒಂದು ಕೆಟ್ಟ ಜ್ವರದ ನಂತರ. ಮುಂಬೈಯಂಥ ಊರಿನಲ್ಲಿ ಅದನ್ನೂ ನುಂಗಿಕೊಂಡು, ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೋಗಿ ಬರುತ್ತಿದ್ದಳು. ಆದರೆ ಆಂಟಾಪ್ ಹಿಲ್‌ನ ಮನೆಯಲ್ಲಿ ಭಾನುವಾರ ನಾವಿಬ್ಬರೂ ಆಡುತ್ತಿದ್ದ ಕಂಪ್ಯೂಟರ್ ಆಟವನ್ನು ಬಿಡಬೇಕಾದಾಗ ಅತ್ತೇಬಿಟ್ಟಳು.

ದೊಡ್ಡದೊಂದು ನಾಡಿನಲ್ಲಿ ಮನಸ್ಸು ಬಂದತ್ತ ಅಲೆಯುವ ಆಟ ಅದು. ಕಾಡಿನಲ್ಲಿ ತೋಳ ಹಿಂದಿನಿಂದ ಬಂದರೆ ಅದರ ಗುರುಗುಟ್ಟುವಿಕೆಯೊಂದೇ ಸುಳಿವು. ಅಕ್ಕ ಆ ಕಾಡಿಗೆ ಹೋದಾಗಲೆಲ್ಲ ಆಟದಲ್ಲಿ ಸಾಯುತ್ತಿದ್ದಳು.

"ಇದನ್ನ ಕಿವಿ ಇದ್ದವರಿಗಷ್ಟ ಮಾಡ್ಯಾರ, ತಮ್ಮಾ. ಬಂದ್ ಮಾಡು."

ಕಂಪನಿಯ ಆಟಕ್ಕೆ ಆಡುವವರೇ ತಮಗೆ ಬೇಕಾದದ್ದನ್ನು ಮಾಡಿ ಸೇರಿಸುವುದುಂಟು; ಅದಕ್ಕೆ ಮಾಡ್ ಎನ್ನುತ್ತಾರೆ. ಅಲ್ಲಿಯವರೆಗೆ ನಾನು ಹಾಕಿಕೊಂಡದ್ದೆಲ್ಲ ಚೆಂದದ ಕುದುರೆ, ಮಿನುಗುವ ಕತ್ತಿ ಇಂಥವೇ. ಹುಡುಕಿದಾಗ, ಯಾವುದೋ ದೇಶದ ಕಿವಿ ಕೇಳದ ಆಟಗಾರನೊಬ್ಬ ಮಾಡಿ ಪುಕ್ಕಟೆ ಹಂಚಿದ್ದ ಮಾಡ್ ಸಿಕ್ಕಿತು. ಸದ್ದು ಬಂದ ದಿಕ್ಕಿಗೆ ಪರದೆಯ ಅಂಚಿನಲ್ಲಿ ಕೆಂಪು ಗೆರೆ ಮೂಡುತ್ತಿತ್ತು.

ಅಕ್ಕನನ್ನು ಎಳೆದು ಕೂರಿಸಿದೆ. ಕಾಡು ಹೊಕ್ಕಳು. ಎಡಕ್ಕೆ ಗೆರೆ ಕಂಡದ್ದೇ ತಿರುಗಿ ಕತ್ತಿ ಬೀಸಿದಳು. ತೋಳ ಉರುಳಿತು.

"ಬಂದಿದ್ದು ಗೊತ್ತಾತೋ ನನಗ!" ಎಂದು ಅವಳು ಕಿರುಚಿದ್ದಕ್ಕೆ ನಾವು ಕಾಕು ಎನ್ನುತ್ತಿದ್ದ ಪಕ್ಕದ ಮನೆಯ ಮರಾಠಿ ಹೆಂಗಸು ಗಾಬರಿಯಿಂದ ಓಡಿ ಬಂದರು.

ಆದರೆ ನಾಯಿ ಬೊಗಳಿದರೂ ಅದೇ ಕೆಂಪು ಗೆರೆ. ಹಳ್ಳಿಯೊಂದರಲ್ಲಿ ಅಕ್ಕ ಪಾಪದ ನಾಯಿಯನ್ನು ಕೊಂದು, ಊರವರಿಂದ ಅಟ್ಟಿಸಿಕೊಂಡು ಓಡಿದಳು.

"ಆ ಮಾಡ್ ಮಾಡ್ಯಾನಲ್ಲ, ಅವಂಗ ಬರಿ," ಎಂದಳು. "ನಾಯಿ ಬ್ಯಾರೆ, ತೋಳ ಬ್ಯಾರೆ ಅಂತ."

ಬರೆದೆ. ತಾನೂ ಎಷ್ಟೋ ನಾಯಿಗಳನ್ನು ಕೊಂದಿರುವುದಾಗಿ ಅವನ ಉತ್ತರ ಬಂತು. ಕೆಲವು ವಾರಗಳಲ್ಲಿ ಮಾಡ್ ತಿದ್ದಿದ: ಅಪಾಯಕ್ಕೆ ಕೆಂಪು, ಉಳಿದ ಸದ್ದಿಗೆಲ್ಲ ನೀಲಿ.

ಅಷ್ಟು ದೊಡ್ಡ ಬೆಟ್ಟಗುಡ್ಡಗಳನ್ನು ಕಟ್ಟಿದ ಕಂಪನಿಗೆ ಹೊಳೆಯದೆ ಇದ್ದದ್ದು, ತೋಳದ ಬಾಯಿಗೆ ಸಿಕ್ಕಿ ಸತ್ತವನಿಗೆ ಹೊಳೆದಿತ್ತು. ಆಟ ಯಾರದು ಎಂದು ಆಮೇಲೆ ನಾನು ಬಹಳ ಸಲ ಯೋಚಿಸಿದ್ದೇನೆ.

ತಿದ್ದಿದ ಮಾಡ್ ಹಾಕಿಕೊಂಡ ಭಾನುವಾರ ಬೆಟ್ಟದ ಬುಡದಲ್ಲಿ ನೀಲಿ ಗೆರೆಯೊಂದು ಆರದೆ ನಿಂತಿತು. ಅಕ್ಕ ಅದರ ಜಾಡು ಹಿಡಿದು ಪೊದೆ ಸರಿಸಿದಳು. ಹಿಂದೆ ಸಣ್ಣ ಜಲಪಾತ. ಕಿವಿ ನೆಟ್ಟಗಿದ್ದ ನಾನು ಎಷ್ಟೋ ಸಲ ಆ ದಾರಿಯಲ್ಲಿ ಕುದುರೆ ಓಡಿಸಿಕೊಂಡು ಹೋಗಿದ್ದೆ, ಒಮ್ಮೆಯೂ ನಿಂತಿರಲಿಲ್ಲ.

"ನೀರು ಸದ್ದು ಮಾಡಾಕತ್ತೈತಿ, ಹೌದಲ್ಲ?" ಎಂದು ಕೇಳಿದಳು.

ಹೌದೆಂದು ತಲೆಯಾಡಿಸಿದೆ.