ಒಂದೇ ಮಧ್ಯಾಹ್ನದ ಫೋಟೊಗಳು

ಚೀನಾ ಪ್ರವಾಸದಲ್ಲಿ ನಾನೂ ನನ್ನ ಗೆಳತಿಯೂ ಒಂದು ದಿನವೂ ಒಬ್ಬರನ್ನೊಬ್ಬರು ಬಿಟ್ಟಿರಲಿಲ್ಲ ಎನ್ನುವುದು ಎರಡೂ ಮನೆಗಳಲ್ಲಿ ಚಲಾವಣೆಯಲ್ಲಿರುವ ಕಥೆ. ಸಾಕ್ಷಿಗೆ ಫೋಟೊಗಳಿವೆ. ಭುಜಕ್ಕೆ ಭುಜ ತಾಗಿಸಿ, ಹಲ್ಲು ಕಿರಿದು, ದಿನಕ್ಕೊಂದರಂತೆ ಮನೆಯವರ ಗ್ರೂಪಿಗೆ ಬಂದು ಬಿದ್ದ ಫೋಟೊಗಳು. ನನ್ನ ಗೆಳತಿಯ ತಾಯಿ ಅವುಗಳಲ್ಲಿ ಚೆನ್ನಾಗಿರುವವನ್ನು ಆರಿಸಿ ಜೋಡಿಸಿ, ದೊಡ್ಡ ಫ್ರೇಮು ಹಾಕಿಸಿ, ಮ್ಯಾಂಚೆಸ್ಟರ್ ಬಳಿಯ ವಿದನ್‌ಶಾದ ತಮ್ಮ ಮನೆಯ ಹಾಲಿನಲ್ಲಿ ತೂಗುಹಾಕಿದ್ದಾರೆ. ಬಂದವರು ಅದರ ಮುಂದೆ ನಿಂತು, "ಫ್ರೆಂಡ್‌ಶಿಪ್ ಅಂದ್ರೆ ಇದು ನೋಡಿ" ಎನ್ನುತ್ತಾರೆ. ನಾನೂ ಎಷ್ಟೋ ಸಲ ಕೈಯಲ್ಲಿ ಟೀ ಹಿಡಿದು ಅದರ ಮುಂದೆ ನಿಂತಿದ್ದೇನೆ.

ಸಾಕ್ಷಿ ಮುಂದಿಟ್ಟ ಕೂಡಲೇ ತಲೆಬಾಗಬೇಡ, ಅದನ್ನು ತಂದವರು ಯಾರು, ತಂದದ್ದರಿಂದ ಅವರಿಗೇನು ಲಾಭ ಎಂದು ಮೊದಲು ಕೇಳು ಎಂಬುದು ಲೀಡ್ಸ್‌ನಲ್ಲಿ ಓದುವಾಗ ಚರ್ಚಾಕೂಟದಲ್ಲಿ ನಾನು ಕಲಿತ ಪಾಠ. ಈ ಫ್ರೇಮಿನ ವಿಷಯದಲ್ಲಿ ಆ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿಲ್ಲ. ಕೇಳದಿದ್ದರೆ ನಷ್ಟವೇನು ಎಂದು ನಾನೂ ಸುಮ್ಮನಿದ್ದೆ. ಈಗ ಅದೇ ಗೆಳತಿಯ ಜೊತೆ ನನ್ನ ತಂಗಿಯನ್ನು ವಿಯೆಟ್ನಾಂಗೆ ಕಳಿಸುವ ಮಾತು ನಡೆದಿದೆ. ಅಪ್ಪ ಅಮ್ಮನ ಧೈರ್ಯಕ್ಕೆ ಆಧಾರ ಆ ಫ್ರೇಮು.

ಗೆಳತಿಯ ಮನೆಯವರು ಧಾರವಾಡದವರು. ಅವಳ ತಂದೆ ವಿದನ್‌ಶಾದ ಆಸ್ಪತ್ರೆಯಲ್ಲಿ ಡಾಕ್ಟರು. ನಾವು ಮೈಸೂರಿನವರು. ನನ್ನ ಅಪ್ಪ ಮ್ಯಾಕಲ್ಸ್‌ಫೀಲ್ಡ್‌ನಲ್ಲಿ ಔಷಧಿ ತಯಾರಾಗುವ ಕಡೆ, ಮಾತ್ರೆಗಳಲ್ಲಿ ದೋಷವಿದೆಯೇ ಎಂದು ಪರೀಕ್ಷಿಸುವ ವಿಭಾಗದಲ್ಲಿದ್ದಾರೆ. ನಾಲ್ಕನೆಯ ಕ್ಲಾಸು ಮುಗಿಸಿ ಈ ದೇಶಕ್ಕೆ ಬಂದ ನನಗೆ ಇಲ್ಲಿ ಸಿಕ್ಕ ಮೊದಲ ಕನ್ನಡದ ಹುಡುಗಿ ಅವಳು. ಅವಳ ಜೊತೆ ನಕ್ಕಷ್ಟು ನಾನು ಮತ್ಯಾರ ಜೊತೆಯೂ ನಕ್ಕಿಲ್ಲ. ಇದನ್ನು ಹೇಳದೆ ಮುಂದೆ ಹೋದರೆ ನನ್ನ ವಾದಕ್ಕೆ ಅನುಕೂಲ, ನಿಜಕ್ಕೆ ಅನನುಕೂಲ.

ಇಬ್ಬರೂ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಚೀನಾದ ನೈಋತ್ಯ ಮೂಲೆಯನ್ನು ಸುತ್ತಿ ಬರುವ ಹುಚ್ಚು ಹಿಡಿಯಿತು. ಚೆಂಗ್ಡುವಿನಿಂದ ಕುನ್ಮಿಂಗ್, ಅಲ್ಲಿಂದ ದಾಲಿ, ಆಮೇಲೆ ಬಸ್ಸು ಹತ್ತುತ್ತಾ ಹತ್ತುತ್ತಾ ಟಿಬೆಟಿನ ಗಡಿಯ ಹಿಮಪರ್ವತಗಳವರೆಗೆ. ಮನೆಯವರು ಕೂತು ಮಾತಾಡಿ ಒಪ್ಪಿಗೆ ಕೊಟ್ಟರು. ಒಂದೇ ಷರತ್ತು: ದಿನಾ ಒಂದು ಫೋಟೊ ಬರಬೇಕು, ಅದರಲ್ಲಿ ಇಬ್ಬರೂ ಇರಬೇಕು. "ಮೆಸೇಜ್ ಯಾರು ಬೇಕಾದ್ರೂ ಹಾಕ್ತಾರೆ, ಫೋಟೊ ಸುಳ್ಳು ಹೇಳಲ್ಲ" ಎಂದರು ಅಪ್ಪ. ದೋಷ ಹುಡುಕುವುದೇ ವೃತ್ತಿಯಾದ ಮನುಷ್ಯ.

ನಮ್ಮದು ವಿದ್ಯಾರ್ಥಿಗಳ ಪ್ರವಾಸ. ಎಲ್ಲದರಲ್ಲೂ ಅಗ್ಗದ್ದು. ರೈಲಿನಲ್ಲಿ ಬೆನ್ನು ನೆಟ್ಟಗಾಗಿ ಕೂರುವ ಗಟ್ಟಿ ಸೀಟು, ಹಾಸ್ಟೆಲಿನಲ್ಲಿ ಅಟ್ಟಣಿಗೆಯ ಮಂಚ. ಅವಳ ತಾಯಿ ಕೊಟ್ಟ ಖಡಕ್ ರೊಟ್ಟಿ ಚೆಂಗ್ಡು ತಲುಪುವಷ್ಟರಲ್ಲಿ ಬೆನ್ನುಚೀಲದೊಳಗೆ ಪುಡಿಯಾಗಿತ್ತು. ಶೇಂಗಾ ಚಟ್ನಿ ಬೆರೆಸಿ ಚಮಚದಲ್ಲಿ ತಿಂದೆವು. ರೈಲಿನಲ್ಲಿ ಎದುರಿಗೆ ಕೂತ ಹೆಂಗಸು ಅದನ್ನು ಕೈಮೇಲೆ ಹಾಕಿಸಿಕೊಂಡು ರುಚಿ ನೋಡಿ, ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿ, ಮತ್ತೆ ಕೈ ಚಾಚಿದಳು. ನಾವು ಬಳಸುವ ಮೆಸೇಜ್ ಆ್ಯಪ್‌ಗಳು ಅಲ್ಲಿನ ವೈಫೈಯಲ್ಲಿ ನಡೆಯುವುದಿಲ್ಲ, ಹೊರದೇಶದ ಇ-ಸಿಮ್ ಇರಬೇಕು. ಇಬ್ಬರಿಗೆ ಎರಡೇಕೆ, ಹೇಗೂ ಜೊತೆಗೇ ಇರುತ್ತೇವಲ್ಲ ಎಂದು ಒಂದೇ ಕೊಂಡೆವು. ಅದು ಅವಳ ಫೋನಿನಲ್ಲಿತ್ತು. ನನ್ನ ಇಂಗ್ಲೆಂಡಿನ ಸಿಮ್ ಅಲ್ಲಿ ಕೆಲಸ ಮಾಡುತ್ತಿರಲಿಲ್ಲ.

ದೇಚಿನ್ ಎಂಬ ಬೆಟ್ಟದ ಊರು ತಲುಪುವಾಗ ನನಗೆ ಜ್ವರ. ಎತ್ತರಕ್ಕೆ ತಲೆ ಸಿಡಿಯುತ್ತಿತ್ತು, ಹೊಟ್ಟೆಯಲ್ಲಿ ನೀರೂ ನಿಲ್ಲುತ್ತಿರಲಿಲ್ಲ. ಅಲ್ಲಿಂದ ಮುಂದೆ ಹಿಮಪರ್ವತದ ಬುಡದಲ್ಲಿ ಒಂದು ಹಳ್ಳಿಯಿದೆ, ಬೆಟ್ಟ ಹತ್ತಿ ಇಳಿದು ನಡೆದೇ ಹೋಗುವುದು ಅದರ ಮಜಾ. ನಮ್ಮ ಪ್ರವಾಸದ ಶಿಖರವೇ ಅದು. ಹಾಸ್ಟೆಲಿನಲ್ಲಿ ಸಿಕ್ಕ ಒಂದು ಗುಂಪು ಮರುದಿನ ಬೆಳಿಗ್ಗೆ ಹೊರಡುವುದಿತ್ತು.

"ನಾಳೆ ನೀ ಏಳಂಗಿಲ್ಲ, ಹೌದಿಲ್ಲೋ?" ಎಂದಳು ಗೆಳತಿ, ನನ್ನ ಮಂಚದ ತುದಿಯಲ್ಲಿ ಕೂತು.

"ಆಗಲ್ಲ ಕಣೇ. ಎರಡು ದಿನ ನೋಡೋಣ."

"ಎರಡು ದಿನ ಆದ್ರ ಈ ಗುಂಪು ಹೋಗಿಬಿಡ್ತದ. ಒಬ್ಬಾಕಿನ ಹೋಗೋದು ಸೇಫ್ ಅಲ್ಲ."

"ನಾನು ಒಬ್ಬಳೇ ಇಲ್ಲಿರೋದು ಸೇಫಾ?"

"ಇದು ಹಾಸ್ಟೆಲ್ ಅಲ್ಲೇನ? ಕೆಳಗ ಓನರಮ್ಮ ಇದ್ದಾಳ. ನೀ ಹೆಂಗೂ ಮಲಗಾಕಿ. ನಾ ಇಲ್ಲೇ ಕೂತು ಏನ್ ಮಾಡ್ಲಿ, ನಿನ್ನ ಮಾರಿ ನೋಡ್ಕೋತ ಕೂಡ್ಲ್ಯಾ?"

ಈ ಮಾತಿಗೆ ಆಗ ನಾನು ನಕ್ಕಿದ್ದೆ. ಅವಳ ವಾದದಲ್ಲಿ ಬಲವಿತ್ತು. ಅವಳು ಪಕ್ಕದಲ್ಲಿ ಕೂತರೆ ಜ್ವರ ಇಳಿಯುವುದಿಲ್ಲ. ಇಬ್ಬರ ಆಸೆ ಮಣ್ಣಾಗುವುದಕ್ಕಿಂತ ಒಬ್ಬಳದಾದರೂ ಈಡೇರಲಿ. ಈ ಪಕ್ಷವನ್ನು ವೇದಿಕೆಯ ಮೇಲೆ ಕೊಟ್ಟಿದ್ದರೆ ನಾನೇ ಇನ್ನೂ ಚೆನ್ನಾಗಿ ವಾದಿಸುತ್ತಿದ್ದೆ. ಆಮೇಲೆ ಅವಳು ಫೋಟೊದ ವಿಷಯ ತೆಗೆದಳು.

"ಮನ್ಯಾಗ ಗೊತ್ತಾದ್ರ ಪ್ಯಾನಿಕ್ ಆಗ್ತಾರ. ನಿಮ್ಮಮ್ಮ ನಾಳೆನೇ ಫ್ಲೈಟ್ ಹತ್ತತಾರ. ಈಗ ಒಂದ್ ನಾಕು ತಗದು ಇಟ್ಕೊಂಡ್ರ, ನಾ ಅಲ್ಲಿಂದ ದಿನಾ ಒಂದೊಂದು ಕಳಸ್ತೀನಿ. ಸಿಂಪಲ್."

ನನ್ನನ್ನು ಎಬ್ಬಿಸಿ ಕೂರಿಸಿದಳು. ಮೊದಲನೆಯದು ಕಿಟಕಿಯ ಬಳಿ, ನನ್ನ ನೀಲಿ ಸ್ವೆಟರಿನಲ್ಲಿ. ಎರಡನೆಯದಕ್ಕೆ ಅವಳ ಉಣ್ಣೆಯ ಟೊಪ್ಪಿಗೆ ತೊಡಿಸಿ ಮೆಟ್ಟಿಲ ಮೇಲೆ ಕೂರಿಸಿದಳು. ಅಲ್ಲಿ ನನಗೆ ಕಣ್ಣು ಕತ್ತಲೆ ಬಂತು, ಗೋಡೆ ಹಿಡಿದುಕೊಂಡೆ. "ಹಂಗ ಹಿಡ್ಕೊ, ಪೋಸ್ ಛಲೋ ಬಂತು" ಎಂದಳು. ಮುಖ ಬಿಳಿಚಿಕೊಂಡಿದೆ ಎಂದು ಕೆನ್ನೆಗೆ ಚೂರು ಬಣ್ಣ ತೀಡಿದಳು. ಕೊನೆಯದು ತಾರಸಿಯಲ್ಲಿ, ಪ್ರಾರ್ಥನೆಯ ಬಾವುಟಗಳ ಕೆಳಗೆ. ಅದರಲ್ಲಿ ನಾನು ಅವಳ ಹೆಗಲ ಮೇಲೆ ತಲೆಯಿಟ್ಟಿದ್ದೇನೆ. ಫ್ರೇಮಿನ ನಟ್ಟನಡುವೆ ಇರುವುದು ಅದೇ. ಎಲ್ಲರಿಗೂ ಅಚ್ಚುಮೆಚ್ಚು. ತಲೆಯನ್ನು ಕತ್ತಿನ ಮೇಲೆ ನಿಲ್ಲಿಸುವ ಶಕ್ತಿ ನನಗಿರಲಿಲ್ಲ, ಅಷ್ಟೇ.

ಬೆಳಿಗ್ಗೆ ನನ್ನ ತಲೆದಿಂಬಿನ ಬಳಿ ಎರಡು ನೀರಿನ ಬಾಟಲಿ, ಜ್ವರದ ಮಾತ್ರೆ ಇಟ್ಟು ಹೊರಟಳು. ಅದನ್ನೂ ಹೇಳುತ್ತೇನೆ. ಇಟ್ಟಿದ್ದಳು.

ಆ ದಿನಗಳು ನನಗೆ ತುಂಡುತುಂಡಾಗಿ ನೆನಪಿವೆ. ಓನರಮ್ಮ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡದ್ದು. ಅವಳಿಗೆ ನನ್ನ ಮೇಲೆ ಕರುಣೆಗಿಂತ ಭಯವೇ ಹೆಚ್ಚಿತ್ತು, ಪರದೇಶದ ಹುಡುಗಿ ತನ್ನ ಮಂಚದ ಮೇಲೆ ಸತ್ತರೆ ಎಂದು. ಫೋನಿಗೆ ಮಾತಾಡಿ ಅನುವಾದವನ್ನು ನನ್ನ ಮುಖಕ್ಕೆ ಹಿಡಿಯುತ್ತಿದ್ದಳು: ನಿನ್ನ ಸ್ನೇಹಿತೆ ಯಾವಾಗ ಬರುತ್ತಾಳೆ? ನನಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಪ್ರಶ್ನೆ. ಕೊನೆಗೆ ಗೊಣಗುತ್ತಾ ನನ್ನ ತೋಳು ಹಿಡಿದು ಕೆಳಗಿನ ಬೀದಿಯ ಕ್ಲಿನಿಕ್ಕಿಗೆ ನಡೆಸಿಕೊಂಡು ಹೋದಳು. ಅಲ್ಲಿ ಸಾಲು ಕುರ್ಚಿಗಳಲ್ಲಿ ಮುದುಕರು ಕೈಗೆ ಡ್ರಿಪ್ ಹಾಕಿಸಿಕೊಂಡು ಟಿವಿ ನೋಡುತ್ತಾ ಕೂತಿದ್ದರು. ನನ್ನನ್ನೂ ಒಂದು ಕುರ್ಚಿಗೆ ಕೂರಿಸಿ ಸೂಜಿ ಚುಚ್ಚಿದರು. ಏನು ಹಾಕುತ್ತಿದ್ದಾರೆ ಎಂದು ಕೇಳಲು ಭಾಷೆಯಿರಲಿಲ್ಲ. ಇಲ್ಲೇ ಏನಾದರೂ ಆದರೆ ಅಮ್ಮನಿಗೆ ಹೇಳುವವರು ಯಾರು ಎಂದು ಯೋಚಿಸುತ್ತಿದ್ದೆ. ಅಮ್ಮನಿಗಂತೂ ಹೇಳಲಾಗುತ್ತಿತ್ತು, ದಿನವೂ: ಮಗಳು ಚೆನ್ನಾಗಿದ್ದಾಳೆ ಎಂದು, ಚಿತ್ರಸಹಿತ.

ಆ ದಿನಗಳ ಮೆಸೇಜುಗಳನ್ನು ನಾನು ಓದಿದ್ದು ಇಂಗ್ಲೆಂಡಿಗೆ ಮರಳಿದ ಮೇಲೆ. ಟೊಪ್ಪಿಗೆಯ ಫೋಟೊಗೆ ಅಮ್ಮ, "ಸಣ್ಣ ಆಗಿದ್ದೀಯಲ್ಲೇ, ಊಟ ಮಾಡಿದ್ಯಾ?" ಎಂದು ಬರೆದಿದ್ದರು. ಅದಕ್ಕೆ ಗೆಳತಿ, "ನನಗಿಂತ ಜಾಸ್ತಿ ತಿಂದಾಳ ಆಂಟಿ" ಎಂದು ಉತ್ತರಿಸಿದ್ದಳು. ಅಪ್ಪ ಹೆಬ್ಬೆರಳಿನ ಚಿಹ್ನೆ ಒತ್ತಿದ್ದರು.

ಗೆಳತಿ ಮರಳಿದ್ದು ಮುಖವೆಲ್ಲ ಬಿಸಿಲಿಗೆ ಸುಲಿದುಕೊಂಡು, ಖುಷಿಯಿಂದ ಉಕ್ಕುತ್ತಾ. ಹಿಮದ ನೀರಿನ ಜಲಪಾತದ ಕೆಳಗೆ ನಿಂತದ್ದನ್ನು ಹೇಳಿದಳು, ಹೇಸರಗತ್ತೆಯೊಂದು ಯಾರದೋ ಚೀಲ ತಿಂದದ್ದನ್ನು ಹೇಳಿದಳು. ನನ್ನ ಕೈಮೇಲಿನ ಪಟ್ಟಿ ಕಣ್ಣಿಗೆ ಬಿದ್ದಾಗ, "ಅಯ್ಯ, ಏನಾತ?" ಎಂದು ಕೇಳಿದಳು, ಉತ್ತರಕ್ಕೆ ಕಾಯದೆ, "ಫೋಟೊ ಎಲ್ಲಾ ಕಳಿಸೀನಿ, ನಿಮ್ಮಮ್ಮ ಹಾರ್ಟ್ ಹಾಕ್ಯಾರ" ಎಂದಳು.

ಚರ್ಚೆಯಲ್ಲಿ ಮೊದಲು ಮಾತಾಡುವವರಿಗೆ ಒಂದು ಅಧಿಕಾರವಿದೆ, ವಿಷಯ ಏನೆಂದು ನಿರ್ಧರಿಸುವವರು ಅವರೇ. ಮ್ಯಾಂಚೆಸ್ಟರ್ ಏರ್‌ಪೋರ್ಟಿನಲ್ಲಿ ನಾನು ಟ್ರಾಲಿಗೆ ಒರಗಿ ನಿಂತಿದ್ದಾಗ ಅವಳು ಮೊದಲು ಮಾತಾಡಿದಳು: "ನಡುವ ಆಕಿಗೆ ಸ್ವಲ್ಪ ಜ್ವರ ಬಂದಿತ್ತು. ನಾ ನೋಡ್ಕೊಂಡೆ." ಅವಳ ತಾಯಿ ಅಲ್ಲೇ ನನ್ನ ಗದ್ದ ಹಿಡಿದು, "ಪುಣ್ಯಾ ಮಾಡೀರವಾ ಇಬ್ಬರೂ, ಇಂಥಾ ಗೆಳೆತನ ಸಿಗೂದಿಲ್ಲ" ಎಂದರು. ಅಮ್ಮ ಅವಳನ್ನು ತಬ್ಬಿಕೊಂಡು ಅತ್ತರು. ಅಲ್ಲಿಂದಾಚೆ ನಾನು ಏನು ಹೇಳಿದರೂ ಅದು ಎದುರು ಪಕ್ಷದ ಮಾತು.

ಒಮ್ಮೆ ಅಮ್ಮನಿಗೆ ಹೇಳಿದೆ, ಪಾತ್ರೆ ಒರೆಸುತ್ತಾ, ಪೂರ್ತಿಯಾಗಿ. ಅಮ್ಮ ಕೈಯಲ್ಲಿದ್ದ ತಟ್ಟೆ ತೊಳೆದು ನನ್ನ ಕಡೆ ಚಾಚಿದರು. "ಫೋಟೊದಲ್ಲಿ ನಗ್ತಾ ಇದ್ದೀಯಲ್ಲೇ" ಎಂದರು. ನಾನು ವಿವರಿಸಿದೆ. "ಸರಿ, ಆಗಿದ್ದು ಆಯ್ತು. ವಾಪಸ್ ಬಂದೆಯಲ್ಲ. ಅವರಪ್ಪ ನಿನ್ನ ತಂಗಿಗೆ ಮೆಡಿಕಲ್ ಸೀಟಿನ ಇಂಟರ್‌ವ್ಯೂಗೆ ವಾರವಾರ ಕೂತು ಹೇಳಿಕೊಡ್ತಿದ್ದಾರೆ. ಈಗ ಇದನ್ನ ಎತ್ತಿ ಮನಸ್ಸು ಕೆಡಿಸ್ಕೊಳ್ಳೋದು ಯಾಕೆ?" ಅಮ್ಮ ನನ್ನನ್ನು ನಂಬಿದರು. ನಂಬಿದ ಮೇಲೆ ಹೇಳಿದ ಮಾತು ಅದು. ನಂಬದೆ ಹೇಳಿದ್ದರೆ ಇಷ್ಟು ಕಹಿಯಾಗುತ್ತಿರಲಿಲ್ಲ.

ಕಳೆದ ತಿಂಗಳು ಎರಡೂ ಮನೆಯವರು ಟಿವಿಡೇಲ್ ಎಂಬ ಊರಿನ ದೇವಸ್ಥಾನಕ್ಕೆ ಹೋಗಿದ್ದೆವು. ದರ್ಶನ ಮುಗಿಸಿ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿನ್ನುವಾಗ ಗೆಳತಿಯ ತಂದೆ ಎಂದಿನಂತೆ ಚೀನಾ ಕಥೆ ಎತ್ತಿದರು. ಪಕ್ಕದ ಮೇಜಿನವರೂ ತಿರುಗಿ ಕೂತರು.

"ಆ ಬೆಟ್ಟದಾಗ ಇವರ ಮಗಳಿಗೆ ಜ್ವರ ಬಂದ್ರ, ನಮ್ಮಾಕಿ ಹಗಲೂ ರಾತ್ರಿ ಕೂತು ನೋಡ್ಕೊಂಡಾಳ್ರಿ. ಮತ್ತ ಡಾಕ್ಟರ್ ಮಗಳಲ್ಲೇನ್ರಿ? ಈ ಬ್ಯಾಸಗಿಗೆ ಸಣ್ಣಾಕಿನ್ನೂ ಕರ್ಕೊಂಡು ವಿಯೆಟ್ನಾಂಗ ಹೊಂಟಾಳ. ಫೋಟೊ ರೂಲ್ ಅಂತೂ ಇದ್ದೇ ಅದ!"

"ಐ ಕಾಂಟ್ ವೇಟ್, ಅಂಕಲ್" ಎಂದಳು ನನ್ನ ತಂಗಿ. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಅವಳಿಗೆ ಆಸ್ತಮಾ ಇದೆ, ಇನ್‌ಹೇಲರ್ ಎಲ್ಲಿಟ್ಟಿದ್ದೇನೆಂದು ಮನೆಯಲ್ಲೇ ಮರೆಯುವವಳು.

ನಾನು ತಟ್ಟೆ ಕೆಳಗಿಟ್ಟೆ. "ಅಂಕಲ್, ಅವಳು ನನ್ನ ಜೊತೆ ಇರಲಿಲ್ಲ. ನನ್ನನ್ನ ಹಾಸ್ಟೆಲಿನಲ್ಲಿ ಬಿಟ್ಟು ಟ್ರೆಕ್‌ಗೆ ಹೋಗಿದ್ದಳು. ಆ ಫೋಟೊ ಎಲ್ಲಾ ಒಂದೇ ಮಧ್ಯಾಹ್ನ ತೆಗೆದಿದ್ದು."

ಗೆಳತಿಯ ತಂದೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಶುರು ಆತು ನೋಡ್ರಿ ಡಿಬೇಟ್! ಯಾವ ಸೈಡವಾ ನೀ ಇವತ್ತ?"

ಎಲ್ಲರೂ ನಕ್ಕರು. "ದೇವರ ಮುಂದೆ ನಿಲ್ಲಿಸಿದ್ರೂ ಇವಳು ಎದುರು ವಾದ ಮಾಡ್ತಾಳೆ" ಎಂದರು ನನ್ನ ಅಪ್ಪ, ಸ್ವಲ್ಪ ಹೆಮ್ಮೆಯಿಂದಲೇ. "ಓ ಮೈ ಗಾಡ್, ಅಕ್ಕ, ಡೋಂಟ್ ರೂಯಿನ್ ಇಟ್" ಎಂದಳು ತಂಗಿ. ಅಮ್ಮ ಮಾತ್ರ ನಗಲಿಲ್ಲ, ಎದ್ದು ನೀರು ತರಲು ಹೋದರು. ಇಷ್ಟು ವರ್ಷ ಬಾಯಿ ಪಳಗಿಸಿಕೊಂಡದ್ದಕ್ಕೆ ನನಗೆ ಸಿಕ್ಕಿದ್ದು ಇದು: ನಾನು ಏನೇ ಹೇಳಿದರೂ ಅವರ ಕಿವಿಗೆ ಅದು ಅಭ್ಯಾಸಪಂದ್ಯ.

ಗೆಳತಿ ನಗುವವರ ನಡುವೆ ತಲೆ ತಗ್ಗಿಸಿ ಕೂತಿದ್ದಳು. ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. ನನ್ನ ಬಾಯಿಂದ ಬಂದರೆ ವಾದವಾಗುವುದು ಅವಳ ಬಾಯಿಂದ ಬಂದರೆ ಸುದ್ದಿಯಾಗುತ್ತಿತ್ತು.

ಹೊರಗೆ ಕಾರ್ ಪಾರ್ಕಿನಲ್ಲಿ ಅವಳೇ ನನ್ನ ಹಿಂದೆ ಬಂದಳು. ಇಳಿಜಾರಿನ ಮೇಲೆ ಗಾಳಿ ಜೋರಾಗಿತ್ತು, ಶಾಲನ್ನು ಎರಡೂ ಕೈಯಿಂದ ಹಿಡಿದಿದ್ದಳು.

"ಎಲ್ಲರ ಮುಂದ ಹೇಳೋದು ಬೇಕಿತ್ತೇನು?"

"ನೀನು ಹೇಳಲ್ಲ ಅಂತ ನಾನು ಹೇಳಿದೆ."

"ನೀ ಹೂಂ ಅಂದಿದ್ದಿ. ನಾ ನಿನ್ನ ಕೇಳಿ ಹೋಗೀನಿ."

"ನೂರಮೂರು ಜ್ವರದಲ್ಲಿ ಹೂಂ ಅಂದಿದ್ದೆ."

"ಹೌದು, ತಪ್ಪಾತು. ಸಾರಿ. ಆಗ ನಮ್ಗ ಇಪ್ಪತ್ತೊಂದು ವರ್ಷ! ಈಗ ನಾ ಏನ್ ಮಾಡ್ಲಿ ಹೇಳು? ಅಪ್ಪನ ಮುಂದ ನಿಂತು ನಾ ಸುಳ್ಳಿ ಅನ್ಲ್ಯಾ?"

ತಪ್ಪಾಯಿತು ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಅದನ್ನು ಕೇಳಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ನನ್ನ ಜ್ವರ ಇಳಿದು ವರ್ಷಗಳಾಗಿತ್ತು. ಆಚೆ ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ತಂಗಿ ಬೆಲ್ಟು ಹಾಕಿಕೊಂಡು ಫೋನಿನಲ್ಲಿ ಹನೋಯ್‌ನ ಹಾಸ್ಟೆಲುಗಳನ್ನು ನೋಡುತ್ತಾ ಕೂತಿದ್ದಳು. ಅಪ್ಪ ಹಾರ್ನ್ ಒತ್ತಿದರು.

"ನಿಮ್ಮಪ್ಪನಿಗೆ ಹೇಳ್ತೀಯೋ ಬಿಡ್ತೀಯೋ ನಿನಗೆ ಬಿಟ್ಟಿದ್ದು" ಎಂದೆ. "ನನಗೆ ಇದೊಂದು ಹೇಳು. ಅಲ್ಲಿ ನನ್ನ ತಂಗಿಗೆ ಉಸಿರು ಕಟ್ಟಿದ ದಿನ, ನೀನು ಕಾಯ್ತಾ ಇದ್ದ ಬಸ್ಸು ಬಂದು ನಿಂತ್ರೆ, ಹತ್ತದೆ ಇರ್ತೀಯಾ?"